ಏಕನಾಥಮ್ಮನ ಹೆಬ್ಬೆಟ್ಟು

ಹತ್ತು ಹುಡುಗರನ್ನು ಕರೆದುಕೊಂಡು ಹೋದ, ಒಂಬತ್ತು ಹುಡುಗರನ್ನು ಕರೆದುಕೊಂಡು ಬಂದ. ಪ್ರಭುಲಿಂಗನ ಮಾನ ಹೋದದ್ದು ಇಷ್ಟರಲ್ಲೇ.

ರಾಮಗಿರಿ ಹತ್ತಿರದ ಹೈಸ್ಕೂಲೊಂದರಲ್ಲಿ ಬೆಲ್ಲು ಹೊಡೆಯುವ ಜವಾನ ಅವನು. ಆದರೆ ಕೊರಳಿಗೆ ಡೊಳ್ಳು ಹಾಕಿಕೊಂಡನೋ, ಹೆಡ್‌ಮಾಸ್ಟರೇ ಎದ್ದು ನಿಂತು ನೋಡಬೇಕು, ಅಂಥ ಆಸಾಮಿ. ಬೀರಪ್ಪನ ಗುಡಿಯ ಡೊಳ್ಳಿನ ಮೇಳಕ್ಕೆ ಇಪ್ಪತ್ತು ವರ್ಷದಿಂದ ಅವನೇ ಯಜಮಾನ. ಮೂರು ವರ್ಷದ ಹಿಂದೆ ಅಮೆರಿಕದಲ್ಲಿರುವ ಕನ್ನಡದ ಜನ ಏನೋ ಸಮ್ಮೇಳನ ಮಾಡುತ್ತೇವೆ, ಬಂದು ಬಾರಿಸಿ ಅಂತ ಇವರ ಮೇಳವನ್ನು ಕರೆಸಿಕೊಂಡರು. ಹೊಳಲ್ಕೆರೆ ದಾಟಿದರೆ ಬಸ್ಸಿನಲ್ಲಿ ವಾಂತಿ ಮಾಡುವ ಹುಡುಗರೆಲ್ಲ ವಿಮಾನ ಹತ್ತುವಂತಾಯಿತು ನೋಡಿ! ಹೊರಡುವ ಹಿಂದಿನ ದಿನ ಗುಡಿ ಮುಂದೆ ಕಂಬಳಿ ಹಾಸಿ, ಹತ್ತು ಹುಡುಗರ ತಾಯಂದಿರನ್ನೂ ಕೂರಿಸಿ, ಪ್ರಭುಲಿಂಗ ಬೀರಪ್ಪನ ಭಂಡಾರದ ಅರಿಸಿನ ಮುಟ್ಟಿ ಹೇಳಿದ್ದ: “ಹತ್ತು ಜನನ್ನ ಕರ್ಕೊಂಡು ಹೋಗ್ತೀನಿ, ಹತ್ತೂ ಜನನ್ನ ತಂದು ನಿಮ್ಮ ಮಡಿಲಿಗೆ ಹಾಕ್ತೀನಿ.” ಕುರುಬರಲ್ಲಿ ಕಂಬಳಿ ಮೇಲೆ ಆಡಿದ ಮಾತು ಅಂದರೆ ಮುಗಿಯಿತು. ಸ್ಟಾಂಪ್ ಪೇಪರು, ಕೋರ್ಟು, ಕಚೇರಿ ಎಲ್ಲ ಅದರ ಮುಂದೆ ಏನೂ ಅಲ್ಲ.

ವಾಪಸ್ ಬರದವನು ಬೇರೆ ಯಾರೋ ಆಗಿದ್ದರೆ ಒಂದು ಮಾತಿತ್ತು. ಅವನು ಪ್ರಭುಲಿಂಗನ ಸ್ವಂತ ಅಕ್ಕ ಏಕನಾಥಮ್ಮನ ಮಗ, ದುರ್ಗೇಶ.

“ಎಲ್ಲರ ಪಾಸ್‌ಪೋರ್ಟನ್ನೂ ಭಂಡಾರದ ಚೀಲದಾಗೆ ಇಟ್ಕಂಡಿದ್ದೆ. ನನ್ನ ಕಣ್ಣು ತಪ್ಪಿಸಿ ಅವನ್ದು ಅವ್ನು ಕದ್ಕಂಡು ಓಡಿಹೋದ,” ಅಂತ ಪ್ರಭುಲಿಂಗ ಊರಿಗೆ ಹೇಳಿದ. ಊರು ನಂಬಿತು. ಮುಂದಿನ ವರ್ಷ ಮೇಳವನ್ನು ದುಬೈಗೆ ಕರೆಸುತ್ತೇವೆ ಅಂದಿದ್ದವರು ಈ ಸುದ್ದಿ ಕೇಳಿದ ಮೇಲೆ ಫೋನೇ ಎತ್ತಲಿಲ್ಲ. ಮೇಳದ ಹುಡುಗರು ದುರ್ಗೇಶನ ಹೆಸರೆತ್ತಿದರೆ ನೆಲಕ್ಕೆ ಉಗಿದರು. ಟೀ ಅಂಗಡಿಯಲ್ಲಿ ಕೂತವರು “ಡಾಲರ್ ಆಸೆ ಕಣ್ರಿ, ಹೆತ್ತೋರು ಬ್ಯಾಡ, ಊರು ಬ್ಯಾಡ, ದೇವ್ರೂ ಬ್ಯಾಡ” ಅಂದರು. ಪ್ರಭುಲಿಂಗ ಹೌದು ಹೌದು ಅಂತ ತಲೆಯಾಡಿಸಿದ.

ಆ ವಾರವೇ ಏಕನಾಥಮ್ಮ ಬಂದಿದ್ದಳು. ತಮ್ಮನಿಗಿಂತ ಎಂಟು ವರ್ಷ ದೊಡ್ಡವಳು, ಅವನನ್ನು ಸೊಂಟದ ಮೇಲೆ ಎತ್ತಿ ಆಡಿಸಿದವಳು. ಮನೆ ತುಂಬ ಜನ ಇರುವಾಗಲೇ ಬಗ್ಗಿ ಅವನ ಎರಡೂ ಕಾಲು ಹಿಡಿದಳು. “ನನ್ನ ಮಗ ನಿನ್ನ ಮುಖಕ್ಕೆ ಮಸಿ ಬಳಿದ ಕಣೋ ಲಿಂಗ, ಹೊಟ್ಟೆಗೆ ಹಾಕ್ಕ” ಅಂತ ಅತ್ತಳು. ಪ್ರಭುಲಿಂಗ “ಏಳಕ್ಕ” ಅಂದ. ಅಷ್ಟೇ ಅಂದ. ಇನ್ನೊಂದು ಮಾತು ಅವನ ಗಂಟಲ ತನಕ ಬಂದಿತ್ತು, ಅದನ್ನು ನುಂಗಿಕೊಂಡ. ಮೂರು ವರ್ಷವಾದರೂ ಅದು ಅವನಿಗೆ ಅರಗಿಲ್ಲ.

ಈಗ ಒಂದು ಭಾನುವಾರ, ಹನ್ನೊಂದು ಗಂಟೆಯ ಹೊತ್ತಿಗೆ, ಏಕನಾಥಮ್ಮ ಹೊಸದುರ್ಗದ ಕಡೆಯ ತನ್ನ ಹಟ್ಟಿಯಿಂದ ಬಸ್ಸಿನಲ್ಲಿ ಬಂದು ತಮ್ಮನ ಮನೆಯ ಪಡಸಾಲೆಯಲ್ಲಿ ಕೂತಳು. ಗಂಡ ಮಾರಣ್ಣ ಕುರಿ ಮಂದೆ ಹೊಡೆದುಕೊಂಡು ಹಿರಿಯೂರು ಆದಿವಾಲದ ಕಡೆಗೆ ಹೋಗಿದ್ದ. ಅಲ್ಲಿಯವರ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿ ಗೊಬ್ಬರ ಮಾಡಿಕೊಟ್ಟು ಬರುವುದು ಇನ್ನು ತಿಂಗಳ ಮಾತು. ಅವಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಕವರಿನೊಳಗೆ ಎರಡು ಹಾಳೆ, ಒಂದು ಇಂಕ್ ಪ್ಯಾಡು.

“ದುರ್ಗೇಶ ಫೋನ್ ಮಾಡಿದ್ದ,” ಅಂದಳು. “ಅವನ ಕೇಸು ಬರೋ ವಾರ ಐತಂತೆ. ಅಲ್ಲೇ ಇರಾಕೆ ಬಿಡ್ತಾರೋ ಇಲ್ಲ ವಾಪಸ್ ಅಟ್ತಾರೋ ಅಂತ ಅಲ್ಲಿ ಜಡ್ಜು ಹೇಳ್ತಾನಂತೆ. ಅದಕ್ಕೆ ನನ್ನ ಹೆಬ್ಬೆಟ್ಟು ಬೇಕಂತೆ. ಹೊಸದುರ್ಗದಾಗೆ ಜೆರಾಕ್ಸ್ ಅಂಗಡಿ ಕೊಟ್ರೇಶನ ಮೊಬೈಲಿಗೆ ಈ ಕಾಗದ ಕಳಿಸಿದ್ದ. ಒತ್ತಿ ತಗಂಡು ಬಾರಮ್ಮ, ಸಂಜೆ ಒಳಗೆ ವಾಪಸ್ ಕಳಿಸ್ಬೇಕು ಅಂದ ಕೊಟ್ರೇಶ.”

“ಮತ್ತೆ ಅಲ್ಲೇ ಒತ್ತಿ ಕೊಡಬೇಕಿತ್ತು.”

“ದುರ್ಗೇಶನೂ ಅದೇ ಅಂದ. ಯಾರ ತಾವೂ ಓದಿಸಬ್ಯಾಡ ಅವ್ವ, ಸುಮ್ನೆ ಒತ್ತಿ ಕಳ್ಸು ಅಂದ. ನಾನು ಕೇಳದ ಮಾತಿಗೆ ಯಾವತ್ತಾರ ಒತ್ತಿದೀನೇನೋ? ನೀನು ಓದು. ನಿನ್ನ ಬಿಟ್ರೆ ನನಗೆ ಓದಿ ಹೇಳೋರು ಯಾರವ್ರೆ?”

ಪ್ರಭುಲಿಂಗ ಕನ್ನಡಕ ಹಾಕಿಕೊಂಡ. ಹೆಂಡತಿ ಯಶೋದಾ ಒಳಗೆ ಒಲೆಯ ಮುಂದಿದ್ದಳು. ಕಾಗದ ಕನ್ನಡದಲ್ಲೇ ಇತ್ತು. ‘ಏಕನಾಥಮ್ಮ ಕೋಂ ಮಾರಣ್ಣ ಆದ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ’ ಅಂತ ಶುರು. ಎರಡನೇ ಸಾಲಿಗೆ ಬರುವ ಹೊತ್ತಿಗೆ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದ.

‘ನನ್ನ ಮಗ ದುರ್ಗೇಶನು ನನ್ನ ಖಾಸಾ ತಮ್ಮನಾದ ಪ್ರಭುಲಿಂಗ ಎಂಬುವನ ಮಗಳು ಮೇಘಶ್ರೀಯನ್ನು ಇಷ್ಟಪಟ್ಟ ಕಾರಣಕ್ಕೆ ಸದರಿ ಪ್ರಭುಲಿಂಗನು ಅವನ ಮೇಲೆ ಹಗೆ ಸಾಧಿಸುತ್ತಿದ್ದು, ನನ್ನ ಮಗನು ಭಾರತಕ್ಕೆ ಮರಳಿ ಬಂದಲ್ಲಿ ಜೀವಸಹಿತ ಬಿಡುವುದಿಲ್ಲವೆಂದು ನನ್ನ ಎದುರಿನಲ್ಲೇ ಹೇಳಿರುತ್ತಾನೆ. ಆದ ಕಾರಣ ನನ್ನ ಮಗನು ಪ್ರಾಣಭಯದಿಂದ ದೇಶ ಬಿಟ್ಟಿರುತ್ತಾನೆ.’

ಎಲಾ ಹುಡುಗನೇ! ನಾನು ಕೊಲೆಗಡುಕನೇನೋ? ಪ್ರಭುಲಿಂಗನಿಗೆ ಸಿಟ್ಟು ಬಂತು, ಬಂದಷ್ಟೇ ಬೇಗ ಇಳಿದೂ ಹೋಯಿತು. ಯಾಕೆಂದರೆ ಸಿಟ್ಟಿನ ಕೆಳಗೆ ಇನ್ನೊಂದು ಇತ್ತು, ಅದಕ್ಕೆ ನಾಚಿಕೆ ಅಂತ ಹೆಸರು. ಇದ್ದದ್ದಕ್ಕೂ ಬರೆದದ್ದಕ್ಕೂ ದೂರ ಬಹಳ ಇರಲಿಲ್ಲ.

ಸೋದರಮಾವನ ಮಗಳು ಅಂದರೆ ಇವರಲ್ಲಿ ಹುಟ್ಟಿದಾಗಲೇ ಅತ್ತೆಯ ಮಗನಿಗೆ ಅಂತ ಮಾತಾಗುತ್ತದೆ. ಮೇಘಶ್ರೀ ತೊಟ್ಟಿಲಲ್ಲಿರುವಾಗಲೇ ಪ್ರಭುಲಿಂಗ ಅಕ್ಕನಿಗೆ “ಇವ್ಳು ನಿನ್ನ ಸೊಸೆ” ಅಂದಿದ್ದ. ಮಗಳು ಬಿ.ಎಸ್ಸಿ. ಓದಿದಳು, ಚಿತ್ರದುರ್ಗದಲ್ಲಿ ಜೂನಿಯರ್ ಇಂಜಿನಿಯರ್ ಆಗಿರುವ ಚೇತನ್‌ಕುಮಾರನ ಕಡೆಯಿಂದ ಸಂಬಂಧ ಬಂತು, ಪ್ರಭುಲಿಂಗನ ಕಣ್ಣು ಮೇಲಾಯಿತು. ಅಕ್ಕ, ಭಾವ, ದುರ್ಗೇಶ ಮೂವರೂ ಇದೇ ಪಡಸಾಲೆಗೆ ಬಂದು ಕೇಳಿದಾಗ, “ನನ್ನ ಮಗಳು ಕುರಿ ಹಿಂದೆ ಅಲೆಯಾಕೆ ಓದಿಲ್ಲ” ಅಂದುಬಿಟ್ಟ. ತಾನು ಕುರಿ ಕಾಯುವವನ ಮಗ, ಕುರಿ ಮಾರಿದ ದುಡ್ಡಲ್ಲೇ ತಾನೂ ಓದಿದ್ದು ಅನ್ನುವುದೆಲ್ಲ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ. ಮಾರಣ್ಣ ಭಾವ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. ದುರ್ಗೇಶ ಬಿ.ಎ. ಮುಗಿಸಿ ಅಪ್ಪನ ಮಂದೆ ನೋಡಿಕೊಳ್ಳುತ್ತಿದ್ದ ಹುಡುಗ, ನೆಲ ನೋಡುತ್ತ ನಿಂತಿದ್ದ. ಮೇಘಶ್ರೀಯನ್ನು ಯಾರೂ ಕೇಳಲಿಲ್ಲ.

ಅಷ್ಟಾದರೂ ದುರ್ಗೇಶ ಮೇಳ ಬಿಡಲಿಲ್ಲ. ದೇವರ ಕೆಲಸ ಬೇರೆ, ಮನೆ ಮಾತು ಬೇರೆ ಅಂದ. ಅಮೆರಿಕಕ್ಕೆ ಬಂದ, ಎಲ್ಲರಿಗಿಂತ ಚೆನ್ನಾಗಿ ಬಾರಿಸಿದ. ಅಲ್ಲಿನವರು ಬಂದು ಬಂದು ಅವನ ಕೈ ಕುಲುಕಿದರು, ದೊಡ್ಡ ದೊಡ್ಡ ಕೆಲಸದಲ್ಲಿರುವವರು ಅವನ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡರು. ಮಾರನೇ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಪ್ರಭುಲಿಂಗನ ರೂಮಿಗೆ ಬಂದ.

“ಮಾವ, ನನ್ನ ಪಾಸ್‌ಪೋರ್ಟ್ ಕೊಡು. ನಾನು ಬರಲ್ಲ.”

“ತಲೆಗಿಲೆ ಕೆಟ್ಟೈತೇನಲೇ? ನಿಮ್ಮವ್ವಂಗೆ ಏನು ಹೇಳ್ಲಿ?”

“ಬಂದು ಏನು ಮಾಡ್ಲಿ ಹೇಳು. ಇನ್ನು ಇಪ್ಪತ್ತೆರಡು ದಿನಕ್ಕೆ ಮೇಘಾನ ಮದುವೆ. ನಿನ್ನ ಮನೆ ಮದುವೆ ಅಂದ್ಮೇಲೆ ಮೇಳ ಬಾರಿಸ್ಲೇಬೇಕು. ನಾನು ಮುಂದೆ ನಿಂತು ಬಾರಿಸ್ಲಾ ಮಾವ? ಇಲ್ಲಿ ಎರಡು ದಿನದಿಂದ ನೀನು ಯಾರ ಮಗ ಅಂತ ಒಬ್ರೂ ಕೇಳಿಲ್ಲ. ಪಾತ್ರೆ ತೊಳ್ಕಂಡಾದ್ರೂ ಇಲ್ಲೇ ಇರ್ತೀನಿ.”

ಪ್ರಭುಲಿಂಗ ಬೈಯಬಹುದಿತ್ತು. ಕಪಾಳಕ್ಕೆ ಎರಡು ಬಿಟ್ಟು ಎಳೆದುಕೊಂಡು ಬರಬಹುದಿತ್ತು, ಅಷ್ಟು ಹಕ್ಕು ಸೋದರಮಾವನಿಗೆ ಇದ್ದೇ ಇದೆ. ತಪ್ಪಾಯ್ತು ಕಣಪ್ಪ, ನಾನು ಆ ಮಾತು ಅನ್ನಬಾರದಿತ್ತು ಅನ್ನಬಹುದಿತ್ತು. ಅವನು ಇದ್ಯಾವುದನ್ನೂ ಮಾಡಲಿಲ್ಲ. ಮದುವೆಯ ಚಪ್ಪರದಲ್ಲಿ ಈ ಹುಡುಗ ಕೆಂಪು ಕಣ್ಣು ಮಾಡಿಕೊಂಡು ನಿಲ್ಲುವುದು, ಬೀಗರು ಯಾರು ಇವನು ಅಂತ ಕೇಳುವುದು, ಯಾರೋ ಕಿವಿಯಲ್ಲಿ ಹೇಳುವುದು, ಎಲ್ಲ ಅವನ ಕಣ್ಣಿಗೆ ಕಟ್ಟಿತು. ಇವನು ಇಲ್ಲೇ ಉಳಿದರೆ ಮದುವೆ ಸುಸೂತ್ರ ಅನ್ನಿಸಿತು. ಭಂಡಾರದ ಚೀಲಕ್ಕೆ ಕೈ ಹಾಕಿದ, ಅರಿಸಿನ ಮೆತ್ತಿದ ಪಾಸ್‌ಪೋರ್ಟ್ ತೆಗೆದು ಕೊಟ್ಟ. ಹುಡುಗ ಕಾಲಿಗೆ ಬಿದ್ದು ಹೋದ. ಥೂ, ಆಗ ಪ್ರಭುಲಿಂಗನಿಗೆ ಏನನ್ನಿಸಿತು ಗೊತ್ತೇ? ನಿರಾಳ ಅನ್ನಿಸಿತು!

“ಯಾಕೋ, ಏನು ಬರ್ದವ್ನೆ?” ಏಕನಾಥಮ್ಮ ಕೇಳಿದಳು. “ಅಷ್ಟೊತ್ತು ಓದೋವಂಥದ್ದು ಏನೈತೆ ಅದ್ರಾಗೆ?”

ಪ್ರಭುಲಿಂಗ ಕೆಮ್ಮಿದ. “ಏನಿಲ್ಲಕ್ಕ. ಏಕನಾಥಮ್ಮ ಅನ್ನೋಳಾದ ನಾನು ಹೇಳೋದೇನಂದ್ರೆ, ನನ್ನ ಮಗ ಒಳ್ಳೇನು. ಕಷ್ಟಪಟ್ಟು ದುಡೀತಾನೆ. ಊರಾಗೆ ಮಳೆ ಇಲ್ಲ, ಬೆಳೆ ಇಲ್ಲ. ಅದಕ್ಕೇ ಅಲ್ಲಿಗೆ ಹೋಗವ್ನೆ. ದೊಡ್ಡ ಮನಸ್ಸು ಮಾಡಿ ಅವನ್ನ ಅಲ್ಲೇ ಇಟ್ಕಳ್ರಿ. ಇಷ್ಟೇ.”

ಏಕನಾಥಮ್ಮ ಅವನ ಮುಖವನ್ನೇ ನೋಡಿದಳು. ಓದು ಬಾರದ ಹೆಂಗಸೇ ಹೊರತು ತಮ್ಮನ ಮುಖ ಓದಲು ಬಾರದವಳಲ್ಲ. ಎದ್ದು ಹೋಗಿ ಗೂಟದಲ್ಲಿ ನೇತುಹಾಕಿದ್ದ ಅಪ್ಪನ ಕಾಲದ ಕರಿ ಕಂಬಳಿ ತೆಗೆದಳು, ಪಡಸಾಲೆಯ ನಡುವೆ ಹಾಸಿದಳು. ದೇವರ ಗೂಡಿನಿಂದ ಒಂದು ಚಿಟಿಕೆ ಭಂಡಾರ ತಂದು ಅದರ ಮೇಲೆ ಹಾಕಿ ಕೈಮುಗಿದಳು. ಕಾಗದವನ್ನು ಅವನ ಕೈಯಿಂದ ತೆಗೆದು ಕಂಬಳಿಯ ಮೇಲಿಟ್ಟಳು.

“ಈಗ ಕುಂತ್ಕಂಡು ಓದು.”

ಈ ಕಂಬಳಿಯ ಮೇಲೆ ಪ್ರಭುಲಿಂಗನ ಅಪ್ಪ ಹಟ್ಟಿಯ ನ್ಯಾಯ ಹೇಳಿದ್ದಾನೆ. ಗುಡಿ ಮುಂದೆ ಆಡಿದ ಒಂದು ಮಾತು ಮುರಿದಾಗಿದೆ, ಇನ್ನೊಂದು ಮುರಿಯುವ ಧೈರ್ಯ ಅವನಿಗಿರಲಿಲ್ಲ. ಕೂತ. ಕಾಗದದಲ್ಲಿ ಏನಿತ್ತೋ ಅದನ್ನು ಅಕ್ಷರ ಬಿಡದೆ ಓದಿದ. ಸದರಿ ಪ್ರಭುಲಿಂಗನು ಅನ್ನುವಲ್ಲಿ ಅವನ ದನಿ ಉಡುಗಿಹೋಯಿತು. ಒಳಗೆ ಪಾತ್ರೆಯ ಸದ್ದು ನಿಂತಿತು, ಯಶೋದಾ ಬಾಗಿಲಿಗೆ ಬಂದು ನಿಂತಳು.

ಏಕನಾಥಮ್ಮ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು. “ನೀನು ಹಂಗಂದಿದ್ದೇನೋ?”

“ಇಲ್ಲಕ್ಕ. ಬೀರಪ್ಪನಾಣೆಗೂ ಇಲ್ಲ.”

“ಮತ್ತೆ ಯಾಕೆ ಬರ್ದ? ನನ್ನ ಮಗ ಕಳ್ಳ ಆಗಿರಬೌದು, ಹಿಂಗೆ ಹೆತ್ತವ್ವನ ಕೈಲಿ ಅವಳ ತಮ್ಮನ ಮೇಲೆ ಸುಳ್ಳು ಹೇಳಿಸೋವಂಥ ನೀಚ ಅಲ್ಲ.”

ಕಳ್ಳ ಅನ್ನುವ ಮಾತು ಅವಳ ಬಾಯಿಂದ ಬಂದದ್ದೇ ತಡ, ಪ್ರಭುಲಿಂಗನಿಗೆ ತಡೆದುಕೊಳ್ಳಲಾಗಲಿಲ್ಲ. ಕಂಬಳಿಯ ಅಂಚು ಹಿಡಿದುಕೊಂಡು ಹೇಳಿಬಿಟ್ಟ. “ಅವ್ನು ಕದೀಲಿಲ್ಲ ಅಕ್ಕ. ನಾನೇ ಕೊಟ್ಟೆ. ಕೇಳ್ದ, ಕೊಟ್ಟೆ. ಅವ್ನು ಮದುವೆಗೆ ಬರದಿದ್ರೆ ಸಾಕು ಅನ್ನಿಸ್ತು. ಊರಿಗೆ ಬಂದು ಕದ್ದ ಅಂದೆ.”

ಯಶೋದಾ “ಅಯ್ಯೋ ಶಿವನೇ” ಅಂದಳು. ಅವಳಿಗೂ ಇದು ಗೊತ್ತಿರಲಿಲ್ಲ.

“ನಾನು ನಿನ್ನ ಕಾಲು ಹಿಡ್ದೆ,” ಅಂದಳು ಏಕನಾಥಮ್ಮ.

“ಹೌದು.”

“ಎಲ್ಲರ ಮುಂದೆ ಹಿಡ್ದೆ. ಮೂರು ವರ್ಷ ಆಯ್ತು, ಹಟ್ಟೀಲಿ ಒಂದು ಶುಭ ಕಾರ್ಯಕ್ಕೆ ನನ್ನ ಕರೆಯಾಕಿಲ್ಲ. ಕಳ್ಳನ ತಾಯಿ ಅಂತಾರೆ. ನಿಮ್ಮ ಭಾವ ಮಂದೆ ಬಿಟ್ಟು ಮನೆಗೇ ಬರಾಕಿಲ್ಲ, ನಾಚ್ಕೆಗೆ. ನೀನು ಏಳಕ್ಕ ಅಂದೆ.”

ಪ್ರಭುಲಿಂಗ ಅಳತೊಡಗಿದ. ಐವತ್ತೆರಡು ವರ್ಷದ ಗಂಡಸು, ಮೀಸೆ ಹೊತ್ತುಕೊಂಡು, ಅಕ್ಕನ ಮುಂದೆ ಮೂಗು ಒರೆಸಿಕೊಂಡ. “ಈ ಕಾಗದ ಹರ್ದು ಹಾಕಾಣ ಅಕ್ಕ. ಅವ್ನು ಬರ್ಲಿ. ಗುಡಿ ಮುಂದೆ ನಿಂತು ಎಲ್ಲಾರಿಗೂ ನಿಜ ಹೇಳ್ತೀನಿ. ಉಗಿದ್ರೆ ಉಗಿಸ್ಕಂತೀನಿ.”

“ನಿನ್ನ ಮನಸ್ಸು ಹಗೂರ ಮಾಡ್ಕಳಾಕೆ ನನ್ನ ಮಗ ಬರ್ಬೇಕಾ?” ಅವಳ ದನಿ ಏರಲಿಲ್ಲ. “ಕೈಗೆ ಕಾಲಿಗೆ ಸರಪಳಿ ಹಾಕಿ ವಿಮಾನದಾಗೆ ತಂದು ಬಿಡ್ತಾರೆ. ಟಿ.ವಿ.ಯಾಗೆ ನೋಡಿದೀನಿ, ಯಾವ್ಯಾವ ಊರಿನ ಹುಡುಗ್ರೋ, ತಲೆ ಬಗ್ಗಿಸ್ಕಂಡು ಇಳೀತಿದ್ರು. ಹಂಗೆ ಇಳ್ದು ಯಾರ ಬಾಗಿಲಿಗೆ ಬರ್ತಾನೆ ಅವ್ನು? ಅಲ್ಲಿ ಹೋಟ್ಲಾಗೆ ಪಾತ್ರೆ ತೊಳೀತಾನೆ, ಒಂದು ರೂಮಿನಾಗೆ ಆರು ಜನ ಮಲಗ್ತಾರಂತೆ. ಆದ್ರೂ ಫೋನಿನಾಗೆ ನಗ್ತಾನೆ ಕಣೋ. ಇಲ್ಲಿದ್ದಾಗ ಕೊನೆ ಒಂದು ವರ್ಷ ಅವ್ನು ನಕ್ಕಿದ್ದು ನಾನು ನೋಡ್ಲಿಲ್ಲ.”

“ಹಂಗಾದ್ರೆ ಒತ್ತಿಬಿಡಕ್ಕ. ನನ್ನ ಹೆಸ್ರು ಹೋದ್ರೆ ಹೋಗ್ಲಿ. ಅಲ್ಲಿ ಯಾರಿಗೆ ನಾನು ಗೊತ್ತು?”

“ಹೆಂಗೆ ಒತ್ಲಿ?” ಏಕನಾಥಮ್ಮ ಕಾಗದದ ಮೇಲೆ ಬೆರಳಿಟ್ಟಳು. “ನನ್ನ ಎದುರಿಗೇ ಹೇಳವ್ನೆ ಅಂತ ಬರ್ದೈತೆ. ನೀನು ಹೇಳಿಲ್ಲ. ಕಂಬಳಿ ಮೇಲೆ ಇಟ್ಟ ಕಾಗದಕ್ಕೆ ನಾನು ಸುಳ್ಳು ಹೆಬ್ಬೆಟ್ಟು ಒತ್ತಾಕಿಲ್ಲ.”

“ಮತ್ತೆ?”

“ಹೇಳು.”

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಹಿಂದಕ್ಕೆ ಸರಿದು ಕೂತ. “ಏನಕ್ಕ ಹಂಗಂದ್ರೆ? ನಿನ್ನ ಮಗನ್ನ... ನಾನು ಎತ್ತಿ ಆಡ್ಸಿದ ಹುಡುಗ.”

“ಬರ್ದಿರೋದನ್ನ ಹೇಳು. ನಾನು ಕೇಳಿಸ್ಕಂತೀನಿ. ಆಮೇಲೆ ಒತ್ತಿದ್ರೆ ಅದು ಸುಳ್ಳಲ್ಲ.”

“ಬ್ಯಾಡ ಕಣ್ರಿ,” ಅಂದಳು ಯಶೋದಾ ಬಾಗಿಲಿನಿಂದ. “ಮನೆಯಾಗೆ ಅಂಥ ಮಾತು ಆಡಬ್ಯಾಡ್ರಿ. ಅತ್ತಿಗೆ, ನಿಮ್ಗೆ ಕೈ ಮುಗೀತೀನಿ.”

ಏಕನಾಥಮ್ಮ ಅವಳ ಕಡೆ ನೋಡಲೂ ಇಲ್ಲ. ಪ್ರಭುಲಿಂಗ ತಲೆ ತಗ್ಗಿಸಿ ಏನೋ ಗೊಣಗಿದ.

“ನನ್ನ ಮುಖ ನೋಡಿ ಹೇಳು. ಇಡೀ ಹೇಳು.”

ಪ್ರಭುಲಿಂಗ ತಲೆ ಎತ್ತಿದ. ಅಕ್ಕನ ಕಣ್ಣು ಒಣಗಿತ್ತು. “ನಿನ್ನ ಮಗ ದುರ್ಗೇಶ,” ಅಂತ ಶುರು ಮಾಡಿದ. ತೊದಲಿದ, ಮತ್ತೆ ಶುರು ಮಾಡಿದ. “ನಿನ್ನ ಮಗ ದುರ್ಗೇಶ ಈ ನೆಲಕ್ಕೆ ವಾಪಸ್ ಕಾಲಿಟ್ರೆ ನಾನು ಅವನ್ನ ಜೀವಸಹಿತ ಬಿಡಾಕಿಲ್ಲ.”

ಎರಡನೇ ಸಲ ಆ ಮಾತು ತಡವರಿಸದೆ ಬಂತು. ಅದೇ ಅವನನ್ನು ಹೆದರಿಸಿದ್ದು. ಕಂಬಳಿಯ ಮೇಲೆ ಸುಳ್ಳು ನಾಲಿಗೆಗೆ ಅಂಟಿಕೊಳ್ಳಬೇಕಿತ್ತು, ಇದು ಅಂಟಿಕೊಳ್ಳಲಿಲ್ಲ. ಆ ಮಧ್ಯಾಹ್ನ ಹೋಟೆಲ್ ರೂಮಿನಲ್ಲಿ ಚೀಲಕ್ಕೆ ಕೈ ಹಾಕಿದಾಗ, ಈ ಹುಡುಗ ಇಲ್ಲದಂತಾದರೆ ಸಾಕು ಅಂತ ತಾನು ಅಂದುಕೊಂಡದ್ದಕ್ಕೂ ಇದಕ್ಕೂ ಏನು ಅಂಥ ವ್ಯತ್ಯಾಸ? ಅಲ್ಲಿ ಬಾಯಿ ಬಿಟ್ಟು ಹೇಳಿರಲಿಲ್ಲ, ಇಲ್ಲಿ ಹೇಳಿದ.

ಏಕನಾಥಮ್ಮ ಇಂಕ್ ಪ್ಯಾಡಿನ ಮುಚ್ಚಳ ತೆಗೆದಳು. ಎಡಗೈ ಹೆಬ್ಬೆಟ್ಟನ್ನು ಒತ್ತಿ, ಎರಡೂ ಹಾಳೆಗೆ ಒಂದೊಂದು ಗುರುತು ಹಾಕಿದಳು. ಆರಲಿ ಅಂತ ಊದಿದಳು, ಮಡಿಸದೆ ಕವರಿನೊಳಗಿಟ್ಟಳು. ಹೆಬ್ಬೆಟ್ಟನ್ನು ಸೆರಗಿನ ತುದಿಗೆ ಒರೆಸಿಕೊಂಡಳು. ಕಂಬಳಿಗೆ ಕೈಮುಗಿದು, ಮಡಿಸಿ, ಗೂಟಕ್ಕೆ ಹಾಕಿದಳು. ಎಲ್ಲವನ್ನೂ ದಿನಾ ಮಾಡುವ ಕೆಲಸದಂತೆ ನಿಧಾನಕ್ಕೆ ಮಾಡಿದಳು.

ಯಶೋದಾ ಕಣ್ಣೊರೆಸಿಕೊಂಡು ಒಳಗೆ ಹೋಗಿ ತಟ್ಟೆ ತಂದಳು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು. “ಬರ್ರಿ ಅತ್ತಿಗೆ, ಎರಡು ತುತ್ತು ಉಣ್ರಿ. ಆಗಿದ್ದು ಆಗೋಯ್ತು. ಬೆಳಗ್ಗೆಯಿಂದ ಬರೀ ಹೊಟ್ಟೇಲಿದೀರಿ.”

“ಬ್ಯಾಡ ತಾಯಿ.”

“ಒಂದು ಲೋಟ ನೀರಾದ್ರೂ...”

“ಬ್ಯಾಡ.” ಏಕನಾಥಮ್ಮ ಚಪ್ಪಲಿ ಮೆಟ್ಟಿಕೊಂಡಳು. “ನನ್ನ ಮಗನ್ನ ಕೊಲ್ತೀನಿ ಅಂದೋನ ಮನೇಲಿ ಉಂಡ್ರೆ ಈ ಕಾಗದ ಸುಳ್ಳಾಗ್ತೈತೆ.”

ಪ್ರಭುಲಿಂಗ ಬಾಗಿಲಿಗೆ ಅಡ್ಡ ನಿಂತ. “ಅಕ್ಕ, ಇದು ನಿನ್ನ ತವರು. ಅಪ್ಪ ಅವ್ವ ಇದ್ದ ಮನೆ. ಆ ಜಡ್ಜಿಗೇನು ಗೊತ್ತಾಗ್ತೈತೆ ನೀನು ಇಲ್ಲಿ ನೀರು ಕುಡ್ದಿದ್ದು?”

“ಜಡ್ಜಿಗೆ ಗೊತ್ತಾಗಾಕಿಲ್ಲ. ನಾನು ಒತ್ತಿದ್ದು ಜಡ್ಜಿನ ಮುಂದೆ ಅಲ್ಲವಲ್ಲ.”

“ಎಷ್ಟು ದಿನ ಅಕ್ಕ?”

ಅವಳು ಕವರನ್ನು ಕೈಗೆ ತೆಗೆದುಕೊಂಡಳು.

“ಅವ್ನು ಅಲ್ಲಿರೋ ತನಕ,” ಅಂದಳು.

ಪ್ರಭುಲಿಂಗ ಪಕ್ಕಕ್ಕೆ ಸರಿದ. ಬಸ್ ಸ್ಟಾಂಡಿಗೆ ಬಿಟ್ಟು ಬರುತ್ತೇನೆ ಅಂತ ಬೈಕಿನ ಕೀಲಿ ತೆಗೆದುಕೊಂಡ. ಅವಳು ಬೇಡ ಅಂತ ಕೈ ಎತ್ತಿ, ಕವರನ್ನು ಎದೆಗೆ ಒತ್ತಿಕೊಂಡು ಬಿಸಿಲಿಗೆ ಇಳಿದಳು.